ಸ್ಟೂಲಿನ ನಾಲ್ಕನೆಯ ಕಾಲು

ನಮ್ಮ ಮನೆಯಲ್ಲಿ ಒಂದು ಸ್ಟೂಲು ಇದೆ. ಅದರ ಮೂರು ಕಾಲುಗಳು ಸದಾ ನೆಲದ ಮೇಲಿರುತ್ತವೆ. ನಾಲ್ಕನೆಯದು ಕುಳಿತವರು ಯಾವ ಕಡೆ ವಾಲುತ್ತಾರೆಂಬುದನ್ನು ನೋಡಿಕೊಂಡು ನೆಲ ಮುಟ್ಟುವುದೋ ಬೇಡವೋ ಎಂದು ತೀರ್ಮಾನಿಸುತ್ತದೆ. ಈ ಚಂಚಲತೆಗೆ ಪರಿಹಾರವಾಗಿ ಆ ಕಾಲಿನ ಅಡಿಯಲ್ಲಿ ಮಡಿಸಿದ ಕಾಗದವೊಂದು ಆರು ವರ್ಷಗಳಿಂದ ಸೇವೆ ಸಲ್ಲಿಸುತ್ತಿತ್ತು. ದಾಂಡೇಲಿಯ ಕಾಗದದ ಗಿರಣಿಯ ಪ್ರಯೋಗಾಲಯದಲ್ಲಿ ದಿನವಿಡೀ ಕಾಗದದ ದಪ್ಪವನ್ನೂ ತೇವವನ್ನೂ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಉದ್ಯೋಗ. ಇಷ್ಟೊಂದು ನಿಷ್ಠೆಯಿಂದ ದುಡಿದ ಇನ್ನೊಂದು ಕಾಗದವನ್ನು ನಾನು ಅಲ್ಲಿ ಕಂಡಿಲ್ಲ. ಮೊನ್ನೆ ನನ್ನ ಹೆಂಡತಿ ನೆಲ ಒರೆಸುವಾಗ ಅದು ತುಸು ಒದ್ದೆಯಾಯಿತು. ಬಿಸಿಲಿಗೆ ಹಾಕಲೆಂದು ಬಿಡಿಸಿದೆ. ಬಿಡಿಸಬಾರದಾಗಿತ್ತು.

ಸ್ಟೂಲಿನ ಚರಿತ್ರೆಯನ್ನು ಮೊದಲು ಹೇಳಿಬಿಡುತ್ತೇನೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಇಲ್ಲಿಗೆ ಬಂದ ನನಗೆ ಸಂಶಯವೇ ದೊಡ್ಡ ಆಸ್ತಿಯಾಗಿತ್ತು. ದೇವರನ್ನು ಸಂಶಯಿಸುತ್ತಿದ್ದೆ, ಜಾತಕವನ್ನು ಸಂಶಯಿಸುತ್ತಿದ್ದೆ, ಉಳವಿಯ ಜಾತ್ರೆಗೆ ನಡೆದು ಹೋಗಿಬಂದರೆ ಮಂಡಿನೋವು ವಾಸಿಯಾಗುತ್ತದೆಂಬ ಮಾವನವರ ಮಾತನ್ನಂತೂ ಅವರ ಎದುರಿಗೇ ಸಂಶಯಿಸುತ್ತಿದ್ದೆ. ಅಚ್ಚಾದದ್ದನ್ನು ಮಾತ್ರ ನಂಬುತ್ತಿದ್ದೆ. ಈ ಊರಿನಲ್ಲಿ ಎತ್ತ ನೋಡಿದರೂ ಮರ. ನಂಬರು ಹೊಡೆಸಿಕೊಂಡು ಡಿಪೋಗಳಲ್ಲಿ ಮಲಗಿದ ಸಾಗವಾನಿಯ ದಿಮ್ಮಿಗಳು, ಗಾಳಿ ಬೀಸಿದಾಗ ಮೂಗಿಗೆ ಬರುವ ಕರವತದ ಪುಡಿಯ ವಾಸನೆ. ಗಟ್ಟಿಮುಟ್ಟಾದ ಬಿದಿರನ್ನು ಹಗಲೆಲ್ಲ ಬೇಯಿಸಿ ಗಂಜಿ ಮಾಡುವ ಕಾರ್ಖಾನೆಯಲ್ಲಿ ದುಡಿಯುವವನಿಗೆ, ಸಂಜೆಗಾದರೂ ಒಂದು ವಸ್ತುವನ್ನು ಕೆಡಿಸದೆ ಕಟ್ಟಬೇಕೆಂಬ ಹಂಬಲ ಹುಟ್ಟಿದರೆ ಅದು ತಪ್ಪಲ್ಲ. ಕ್ವಾರ್ಟರ್ಸಿನ ಹಿಂದೆ ತಗಡಿನ ಛಾವಣಿಯ ಒಂದು ಕೋಣೆ ಇತ್ತು. ಒಂದು ಯಂತ್ರ ಕೊಳ್ಳುವಷ್ಟು ಹಣ ಕೂಡಿತ್ತು. ಒಂದೇ ಒಂದು, ಎರಡನೆಯದಕ್ಕೆ ಆಸ್ಪದವಿರಲಿಲ್ಲ. ಯಾವುದನ್ನು ಕೊಳ್ಳಬೇಕು ಎಂಬಲ್ಲಿಂದ ಈ ಕಥೆ ಕೆಡತೊಡಗುತ್ತದೆ.

ಹಳಿಯಾಳದ ಸಮೀಪದ ಸಾಂಬ್ರಾಣಿಯಲ್ಲಿ ಕಲ್ಲಪ್ಪನೆಂಬ ಬಡಿಗನಿದ್ದ. ಸುತ್ತಲಿನ ರೈತರ ಮನೆಗಳಲ್ಲಿ ಹೆಣ್ಣುಮಗಳ ಚೊಚ್ಚಲ ಕೂಸಿಗೆ ತವರಿನವರು ತೊಟ್ಟಿಲು ಕೊಡಬೇಕು, ಆ ತೊಟ್ಟಿಲು ಕಲ್ಲಪ್ಪನದಾಗಿರಬೇಕು ಎಂಬ ಪದ್ಧತಿ ಬೆಳೆದುಬಿಟ್ಟಿತ್ತು. ಅವನ ತೊಟ್ಟಿಲಿನ ಕಂಬಗಳು, ಕಡ್ಡಿಗಳು ಎಲ್ಲವೂ ದುಂಡಗೆ ಕಡೆದಂಥವು. ಕಡೆಯುವ ವಿಧಾನ ಬಹಳ ಹಳೆಯದು. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಅದಕ್ಕೆ ಚರ್ಮದ ಬಾರನ್ನು ಸುತ್ತಿ, ಒಬ್ಬರು ಬಾರನ್ನು ಅತ್ತ ಇತ್ತ ಎಳೆಯುತ್ತಿದ್ದರೆ ಇನ್ನೊಬ್ಬರು ತಿರುಗುವ ಮರಕ್ಕೆ ಉಳಿ ಹಿಡಿಯಬೇಕು. ಉಳಿ ಕಲ್ಲಪ್ಪನದು. ಮೂವತ್ತು ವರ್ಷ ಬಾರು ಎಳೆದವಳು ಅವನ ಹೆಂಡತಿ ಗಂಗವ್ವ. ನಾನು ಕಂಡಾಗ ಅವಳಿಗೆ ದಮ್ಮು ಹತ್ತಿತ್ತು. ಹತ್ತು ಸಲ ಎಳೆದರೆ ಎರಡು ನಿಮಿಷ ಕೂಡುತ್ತಿದ್ದಳು.

ನಮ್ಮಲ್ಲಿ ಒಪ್ಪಂದವಾಯಿತು. ನಾನು ಕಡೆಯುವ ಯಂತ್ರವೊಂದನ್ನು ತರುವುದು. ಕಲ್ಲಪ್ಪ ವಾರಕ್ಕೆರಡು ದಿನ ಬಸ್ಸು ಹತ್ತಿ ಬಂದು ನನ್ನ ಕೋಣೆಯಲ್ಲಿ ತನ್ನ ಕಂಬಗಳನ್ನು ಕಡೆದುಕೊಳ್ಳುವುದು, ನನಗೆ ಉಳಿ ಹಿಡಿಯಲು ಕಲಿಸುವುದು.

"ಹುಚ್ಚು ನಿಮ್ಮದು, ಹೊಟ್ಟಿ ನಮ್ಮದು. ಎರಡೂ ಕೂಡಿದ್ರ ಆಕೀಗಿ ಈ ಬಾರಿನಿಂದ ಬಿಡುಗಡಿ ಆಗ್ತೈತ್ರಿ ಸಾಹೇಬ್ರ," ಎಂದ ಕಲ್ಲಪ್ಪ.

ಒಳಗಿನಿಂದ ಗಂಗವ್ವ ಕೂಗಿ ಹೇಳಿದಳು: "ನನ್ನ ಬಿಡಿಸಿ ನೋಡ್ರಿ, ಇವರು ಉಳಿ ಹಿಡಿಯೂದ ಮರೀತಾರ! ಇವರು ಲಗ್ನ ಆಗಿದ್ದು ನನ್ನ ಕೂಡ ಅಲ್ರಿ, ಬಾರಿನ ಕೂಡ."

ಯಾವ ಬಗೆಯ ಯಂತ್ರ ಬೇಕೆಂದು ನಾನು ಕೇಳಿದೆ. "ನೀವು ಕಲತಾವ್ರು, ನೀವ ನೋಡಿ ತರ್ರಿ," ಎಂದ ಕಲ್ಲಪ್ಪ. ಆರು ವರ್ಷಗಳಿಂದ ಈ ಕಥೆಯನ್ನು ನಾನು ಗೆಳೆಯರಿಗೆ ಹೀಗೆಯೇ ಹೇಳುತ್ತ ಬಂದಿದ್ದೇನೆ. ಓದುಗ ಮಿತ್ರರು ಈ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನನ್ನ ನೆನಪಿಗಿಂತ ನಿಮ್ಮದು ಹೆಚ್ಚು ಪ್ರಾಮಾಣಿಕವಾಗಿದ್ದೀತು.

ಮುಂಬಯಿಯಿಂದ ಕ್ಯಾಟಲಾಗು ತರಿಸಿದೆ. ಸಾಂಬ್ರಾಣಿಗೂ ಒಮ್ಮೆ ಒಯ್ದು ತೋರಿಸಿ ಬಂದೆ. ಬರಿಯ ಕರವತದ ಯಂತ್ರ, ಬರಿಯ ರಂದಾ ಹೊಡೆದು ಮರ ನಯಮಾಡುವ ಯಂತ್ರ, ಬರಿಯ ಕಡೆಯುವ ಯಂತ್ರ, ಹೀಗೆ ಒಂಟಿ ಸಂನ್ಯಾಸಿಗಳ ಸಾಲು. ಕೊನೆಯ ಪುಟದಲ್ಲಿ ಮಾತ್ರ ಒಬ್ಬ ಗೃಹಸ್ಥ: ಕೊಯ್ಯುವುದು, ರಂದಾ ಹೊಡೆಯುವುದು, ತೂತು ಕೊರೆಯುವುದು, ಕಡೆಯುವುದು, ಸಾಣೆ ಹಿಡಿಯುವುದು, ಇವೈದೂ ಒಂದರಲ್ಲೇ. ಮಿತವ್ಯಯಿಯಾದ ವಿದ್ಯಾವಂತನ ಎದೆ ಇಂಥ ಕಡೆ ಕರಗುತ್ತದೆ. ಆದರೂ ನಾನು ಆತುರಪಡಲಿಲ್ಲ. ಪ್ರಯೋಗಾಲಯದ ಶಿಸ್ತಿನಂತೆ ಪ್ರತಿಯೊಂದು ಯಂತ್ರಕ್ಕೂ ಬೇರೆಬೇರೆ ಗುಣಗಳಿಗೆ ಅಂಕ ಕೊಟ್ಟು, ಕೂಡಿಸಿ, ಅಡಿಗೆರೆ ಎಳೆದೆ. ಪಂಚಕರ್ಮಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಯಿತು. ಹುಬ್ಬಳ್ಳಿಗೆ ಹೋಗಿ ಕೊಂಡು, ಲಾರಿಯಲ್ಲಿ ಹೇರಿಸಿಕೊಂಡು, ಅದರ ಪಕ್ಕದಲ್ಲೇ ಕುಳಿತು ಬಂದೆ. ಮದುವೆಯಾಗಿ ಬರುವಾಗಲೂ ನಾನು ಅಷ್ಟು ಬಿಗಿಯಾಗಿ ಯಾರನ್ನೂ ಹಿಡಿದುಕೊಂಡಿರಲಿಲ್ಲ.

ಕಲ್ಲಪ್ಪ ಬಂದು ಯಂತ್ರದ ಸುತ್ತ ಎರಡು ಸುತ್ತು ಹಾಕಿದ.

"ಇದು ಏನೇನ ಮಾಡ್ತೈತ್ರಿ?"

"ಐದು ಕೆಲಸ, ಬಡಿಗೇರ್ರ."

"ಎರಡು ಮನೀ ಬೀಗ ಉಪವಾಸ ಬಿದ್ದ ಅಂತಾರ, ಅಲ್ಲಿ ಉಂಡಾನ ಅಂತ ಇವರು, ಇಲ್ಲಿ ಉಂಡಾನ ಅಂತ ಅವರು. ಇದು ಐದು ಮನೀ ಬೀಗ ಆತಲ್ರಿ."

ನಾನು ನಕ್ಕೆ. ಹಳ್ಳಿಯವರ ಗಾದೆಗಳಿಗೆ ವಿಜ್ಞಾನ ನಗುವಂತೆಯೇ ನಕ್ಕೆ. ಅಷ್ಟರಲ್ಲಿ ವಿದ್ಯುತ್ತು ಜೋಡಿಸಲು ಬಂದಿದ್ದ ವಾಯರ್‌ಮನ್ನು ಮೋಟಾರಿನ ಮೇಲಿನ ಹಿತ್ತಾಳೆಯ ಫಲಕ ಓದಿ ತನ್ನ ಚೀಲವನ್ನು ಮತ್ತೆ ಕಟ್ಟತೊಡಗಿದ. "ಸಾಹೇಬ್ರ, ಇದಕ್ಕ ಮೂರು ಫೇಸಿನ ಕರೆಂಟ್ ಬೇಕ್ರಿ. ಕ್ವಾರ್ಟರ್ಸಿಗೆ ಬಂದಿದ್ದು ಒಂದ. ನಿಮಗ ನಾ ಏನ್ ಹೇಳೂದು, ದೊಡ್ಡ ಪರೀಕ್ಷಾ ಪಾಸಾದವ್ರು!"

ಎಲ್ಲ ಗುಣಗಳಿಗೂ ಅಂಕ ಕೊಟ್ಟಿದ್ದೆ. ಅದು ತಿರುಗುತ್ತದೆಯೇ ಎಂಬುದಕ್ಕೆ ಮಾತ್ರ ಕೊಟ್ಟಿರಲಿಲ್ಲ. ಅಂಗಡಿಯವನು ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಸ ತಂತಿ ಎಳೆಸಿಕೊಡಬೇಕೆಂದು ನಾನು ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ನಮ್ಮ ಗಿರಣಿಯದೇ ಕಾಗದದ ಮೇಲೆ, ಸುಖವಾಗಿ ಪ್ರಯಾಣ ಮಾಡುತ್ತಿತ್ತು.

ಈ ನಡುವೆ ಒಂದು ತೊಟ್ಟಿಲಿನ ಕೆಲಸ ಹಿಡಿದಾಗಿತ್ತು. ನನ್ನ ಹೆಂಡತಿಯ ತವರು ಮುಂಡಗೋಡದ ಕಡೆಯ ಇಂದೂರು. ಅವಳಿಗೆ ಏಳು ತಿಂಗಳು ತುಂಬಿದ್ದವು. ನನ್ನ ಬಾಯಿಂದಲೇ ಕಲ್ಲಪ್ಪನ ಹೊಗಳಿಕೆ ಕೇಳಿ ಮಾವನವರು ತೊಟ್ಟಿಲು ಮಾಡಲು ಅವನಿಗೇ ಹೇಳಿದ್ದರು. ಹೆಂಡತಿಯ ದಮ್ಮು ಹೆಚ್ಚಾದ ಮೇಲೆ ಕಡೆಯುವ ಕೆಲಸ ನಿಲ್ಲಿಸಿದ್ದ ಕಲ್ಲಪ್ಪ, ಯಂತ್ರ ಬರುತ್ತದೆಂಬ ನನ್ನ ಮಾತಿನ ಮೇಲೆ ಒಪ್ಪಿಕೊಂಡಿದ್ದ. ಮರಕ್ಕೆ ಒಮ್ಮೆ ಉಳಿ ಇಟ್ಟಮೇಲೆ ತೊಟ್ಟಿಲನ್ನು ಅರ್ಧಕ್ಕೆ ಬಿಡಬಾರದೆಂಬುದು ಅವರ ಕಸುಬಿನ ಕಟ್ಟಳೆ. ಅರ್ಧಕ್ಕೆ ಬಿಟ್ಟ ತೊಟ್ಟಿಲು ಕೂಸಿಗೆ ಆಗಿಬರುವುದಿಲ್ಲವಂತೆ. ನಾನು ಇದನ್ನೂ ಸಂಶಯಿಸಿದೆ. ಆದರೆ ಆ ಸಲ ಬಾಯಿ ಬಿಟ್ಟು ಹೇಳಲಿಲ್ಲ. ಕೂಸು ನನ್ನದಾಗಿತ್ತು.

ಸಾಂಬ್ರಾಣಿಗೆ ಹೋದಾಗ ಗಂಗವ್ವ ಬಾರು ಎಳೆಯುತ್ತಿದ್ದಳು. ಐದಾರು ಸಲ ಎಳೆದು ನಿಲ್ಲುವಳು; ಕಲ್ಲಪ್ಪ ಅವಳ ಕಡೆ ನೋಡದೆಯೇ ಅದೇ ಕ್ಷಣಕ್ಕೆ ಉಳಿ ಎತ್ತುವನು; ಅವಳು "ಹೂಂ" ಎಂದ ಮೇಲೆ ಮತ್ತೆ ಇಡುವನು. ಆ "ಹೂಂ" ಬರಬರುತ್ತ ತಡವಾಗುತ್ತಿತ್ತು.

"ಬೇರೆ ಯಾರನ್ನಾದರೂ ಬಾರಿಗೆ ಹಚ್ಚಬಾರದೇ?" ಎಂದೆ.

"ಇದು ಕೂಲಿ ಕೆಲಸ ಅಲ್ರಿ. ಉಳಿ ಯಾವಾಗ ಕಚ್ಚತೈತಿ ಅನ್ನೂದು ಎಳಿಯೋ ಕೈಗೆ ಗೊತ್ತಾಗಬೇಕು," ಎಂದ ಕಲ್ಲಪ್ಪ.

ಪ್ರಾಯಶ್ಚಿತ್ತವೆಂಬಂತೆ ನಾನೇ ಬಾರು ಹಿಡಿದೆ. ಮೂರನೆಯ ಎಳೆತಕ್ಕೆ ಉಳಿ ಕಚ್ಚಿ, ಕಡ್ಡಿ ಸೀಳಿ, ಚಕ್ಕೆ ಹಾರಿ ಗೋಡೆಗೆ ಬಡಿಯಿತು. ಗಂಗವ್ವ ನಗುತ್ತ, ಕೆಮ್ಮುತ್ತ ಬಾರನ್ನು ನನ್ನ ಕೈಯಿಂದ ಕಸಿದುಕೊಂಡಳು. "ಬಿಡ್ರಿ ಸಾಹೇಬ್ರ, ನಿಮ್ಮ ಕೂಸಿನ ತೊಟ್ಟಿಲಾ ನೀವ ಕೆಡಸ್ತೀರಿ!" ನನ್ನಿಂದಾಗಿ ಅವಳಿಗೆ ಒಂದು ಕಡ್ಡಿಯ ಕೆಲಸ ಹೆಚ್ಚಾಯಿತು.

ತೊಟ್ಟಿಲು ಹೆಸರಿಡುವ ದಿನಕ್ಕೆ ಸರಿಯಾಗಿ ಇಂದೂರಿಗೆ ಬಂತು. ನಾಲ್ಕು ಕಂಬಗಳ ಮೇಲೆ ನಾಲ್ಕು ಗಿಳಿಗಳು. ತೂಗಿದರೆ ಸದ್ದೇ ಇಲ್ಲ. ಮಗಳು ಅದರಲ್ಲಿ ಮಲಗಿ ಬೆಳೆದಳು. ಆ ವರ್ಷ ಮಳೆಗಾಲದಲ್ಲಿ ಗಂಗವ್ವ ತೀರಿಕೊಂಡಳು.

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ನಡೆಯಿತೆಂದು ಹೇಳಲಾಗದು. ಇದು ನಾನು ಕಲಿತ ಮೊದಲ ಪಾಠ. ದಮ್ಮು ಮೊದಲೇ ಇತ್ತು. ಮಳೆ ಜೋರಾಗಿತ್ತು. ವಯಸ್ಸಾಗಿತ್ತು. ಸಂಶಯವೆಂಬುದು ಸತ್ಯಶೋಧನೆಯ ಆಯುಧವೆಂದು ಗುರುಗಳು ಹೇಳಿದ್ದರು. ಅದರ ಹಿಂದೆ ಇಷ್ಟು ಆರಾಮಾಗಿ ಬಚ್ಚಿಟ್ಟುಕೊಳ್ಳಬಹುದೆಂದು ಅವರು ಹೇಳಿರಲಿಲ್ಲ.

ಯಂತ್ರವನ್ನು ಹಳಿಯಾಳದ ಒಂದು ಕರವತದ ಗಿರಣಿಗೆ ಮಾರಿದೆ. ಅಲ್ಲಿ ಮೂರು ಫೇಸಿನ ವಿದ್ಯುತ್ತಿತ್ತು. ಕೈಬಿಡುವ ಮೊದಲು ಒಂದು ದಿನ ಅಲ್ಲಿಯೇ ನಿಂತು ಈ ಸ್ಟೂಲನ್ನು ಮಾಡಿದೆ. ಮೂರು ಕಾಲುಗಳನ್ನು ಕೊಯ್ದೆ. ರಂದಾ ಹೊಡೆಯಬೇಕೆನಿಸಿತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಯಂತ್ರವನ್ನು ಬಿಚ್ಚಿ ಜೋಡಿಸಬೇಕು, ಬಿಚ್ಚಿ ಜೋಡಿಸಿದೆ. ಮತ್ತೆ ಕರವತ ಕೂರಿಸಿ ನಾಲ್ಕನೆಯ ಕಾಲು ಕೊಯ್ಯುವಷ್ಟರಲ್ಲಿ ಅಳತೆಯ ಪಟ್ಟಿ ಕೂದಲೆಳೆಯಷ್ಟು ಸರಿದಿತ್ತು. ಐದು ಮನೆಯ ಬೀಗ ನನ್ನನ್ನು ಉಪವಾಸವಿಟ್ಟು ಹೋಗಿದ್ದ. ಸ್ಟೂಲು ಮನೆಗೆ ಬಂದ ದಿನ ಕೈಗೆ ಸಿಕ್ಕ ಕಾಗದ ಹರಿದು, ಮಡಿಸಿ, ಕಾಲಿನ ಅಡಿಗೆ ತುರುಕಿದೆ.

ಆ ಕಾಗದವೇ ಮೊನ್ನೆ ಬಿಡಿಸಿದ್ದು. ಅದು ಕ್ಯಾಟಲಾಗಿನ ಹಿಂಬದಿಯ ಬರಿ ಹಾಳೆ. ನೀರು ಹೊರಮಡಿಕೆಗಷ್ಟೇ ತಾಗಿತ್ತು. ಒಳಗೆ ನೀಲಿ ಮಸಿಯಲ್ಲಿ ನನ್ನ ಅಂಕಪಟ್ಟಿ, ಮುದ್ದಾದ ಅಕ್ಷರ, ಅಡಿಗೆರೆ. ಅದರ ಅಡಿಯಲ್ಲಿ ಬಡಿಗರ ಚಪ್ಪಟೆ ಪೆನ್ಸಿಲಿನ ದಪ್ಪ ಗೆರೆಗಳಲ್ಲಿ ಒಂದು ಚಿತ್ರ: ದೊಡ್ಡದೊಂದು ಚಕ್ರ, ಚಕ್ರಕ್ಕೆ ಕಟ್ಟಿದ ಒಂದು ಹಲಗೆ, ಹಲಗೆಯ ಮೇಲೆ ಬೆರಳುಗಳ ಸಮೇತ ಮನುಷ್ಯನ ಒಂದು ಪಾದ. ಕಾಲಿನಿಂದ ತುಳಿಯುವ ಕಡೆಯುವ ಯಂತ್ರ. ಕರೆಂಟೂ ಬೇಡ, ಬಾರೆಳೆಯುವವರೂ ಬೇಡ. ಕ್ಯಾಟಲಾಗಿನ ಒಳಗೆ ಅಂಥದೇ ಒಂದಿತ್ತು, ಎಲ್ಲಕ್ಕಿಂತ ಅಗ್ಗದ್ದು. ನನ್ನ ಪಟ್ಟಿಯಲ್ಲಿ ಅದು ಕೊನೆಯ ಸ್ಥಾನದಲ್ಲಿದೆ.

ಯಂತ್ರ ಬಂದ ಮೇಲೆ ಬರೆದ ಚಿತ್ರವಿರಬಹುದು ಎಂದು ವಾದಿಸಿ ನೋಡಿದೆ. ಕಾಗದವನ್ನು ಗಿರಣಿಗೆ ಒಯ್ದು ಭೂತಗನ್ನಡಿಯ ಕೆಳಗಿಟ್ಟೆ. ಮೊತ್ತದ ಅಂಕಿ ಚಿತ್ರದ ಮೇಲೆ ಹಾಯ್ದ ಕಡೆ ಪೆನ್ಸಿಲಿನ ಗೆರೆ ಕೆಳಗಿದೆ, ಮಸಿ ಮೇಲಿದೆ. ಅಂಕಗಳನ್ನು ಬರೆದದ್ದು ಹುಬ್ಬಳ್ಳಿಗೆ ಹೋಗುವ ಮೊದಲು. ಚಿತ್ರ ಅದಕ್ಕೂ ಮೊದಲು. "ನೀವ ನೋಡಿ ತರ್ರಿ" ಎಂದವನು ಹೀಗೆ ಬೆರಳೆಣಿಸಿ ಪಾದ ಬರೆದು ತೋರಿಸುವುದಿಲ್ಲ. ಆ ಪಾದವನ್ನು ನಾನು ನೋಡಿದ್ದೆ, ಅದರ ಮೇಲೆಯೇ ಪಂಚಕರ್ಮಿಯ ಮೊತ್ತವನ್ನು ಬರೆದಿದ್ದೆ.

ಭಾನುವಾರ ಸಾಂಬ್ರಾಣಿಗೆ ಹೋದೆ. ಕಲ್ಲಪ್ಪ ಈಗ ಚೌಕಟ್ಟು, ಬಾಗಿಲು ಮಾಡುತ್ತಾನೆ. ದುಂಡಗಿನದು ಏನನ್ನೂ ಮಾಡುವುದಿಲ್ಲ. ಬಾರು ಗೂಟದಲ್ಲಿ ಎಣ್ಣೆ ಕಾಣದೆ ಬಿರಿದಿತ್ತು. ಕಾಗದ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಕಾಲು ನಂದ ಐತಿ," ಎಂದ.

"ಇದನ್ನು ತರಬೇಕೆಂದು ನೀವು ನನಗೆ ಹೇಳಿದ್ದಿರಾ, ಬಡಿಗೇರ್ರ?"

ಅವನು ಕಾಗದವನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಸಿ ನನ್ನ ಕೈಗಿಟ್ಟ. "ನನಗ ನೆನಪಿಲ್ರಿ. ನೀವು ಕಲತಾವ್ರು, ನಿಮಗ ನೆನಪಿರಬೇಕು."

ನಾನು ಏನನ್ನೋ ಹೇಳಲು ತೊಡಗಿದೆ. ಅವನು ರಂದಾ ಎತ್ತಿಕೊಂಡ. ಬಸ್ಸಿನ ಹೊತ್ತಾಯಿತೆಂದು ನಾನು ಹೊಸ್ತಿಲು ದಾಟಿದಾಗ ಹಿಂದಿನಿಂದ ಕೇಳಿದ: "ಈ ಕಾಗದ ಎಲ್ಲಿತ್ರಿ ಇಷ್ಟ ದಿವಸ?"

"ಸ್ಟೂಲಿನ ಕಾಲಿನ ಕೆಳಗೆ. ಒಂದು ಕಾಲು ಗಿಡ್ಡ."

"ಗಿಡ್ಡ ಕಾಲಿಗೆ ಕಾಗದ ಇಡಬಾರದ್ರಿ. ಉದ್ದನ್ನ ಮೂರು ಕಾಲು ಕೊಯ್ಯಬೇಕು. ತಂದ್ರ ಕೊಯ್ದ ಕೊಡ್ತೇನಿ."

ನಾನು ಒಯ್ದಿಲ್ಲ. ಈ ಬರಹವನ್ನು ಆ ಸ್ಟೂಲಿನ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಮಸಿಗೆ ಕೈ ಚಾಚಿದಾಗಲೆಲ್ಲ ನಾಲ್ಕನೆಯ ಕಾಲು ಸಿಮೆಂಟಿನ ನೆಲಕ್ಕೆ ಟಕ್ಕೆಂದು ಬಡಿಯುತ್ತದೆ. ಹೆಂಡತಿ ಒಳಗಿನಿಂದ ಎರಡು ಸಲ ಕೂಗಿದಳು: "ಅದಕ್ಕ ಮತ್ತೊಂದ ಕಾಗದ ಇಡಬಾರದೇನ್ರಿ?"

ಕಾಗದಕ್ಕೆ ನಮ್ಮ ಮನೆಯಲ್ಲಿ ಕೊರತೆಯೇನೂ ಇಲ್ಲ.