ಅಸ್ತರದಾಚೆ

ಇಸ್ತ್ರಿಯ ಬಿಸಿಗೆ ಬಟ್ಟೆ ಬಿಡುವ ವಾಸನೆ ಮೂಗಿಗೆ ಬಡಿದರೆ ನನಗೆ ಹೃದಯ ನೆನಪಾಗುತ್ತದೆ. ನಗಬೇಡಿ, ಪ್ರೇಮದ ವಿಷಯವಲ್ಲ. ಮುಷ್ಟಿಗಾತ್ರದ ನಿಜವಾದ ಹೃದಯ, ನಮ್ಮಕ್ಕನದು.

ಅಕ್ಕ ಮರಾಠಿ ಸೀಮೆಯ ಕೋಥರೂಡದ ನಮ್ಮ ಮನೆಯಲ್ಲೇ, ರೇಷ್ಮೆಗೆ ಒಳಗಿನಿಂದ ಅಸ್ತರ ಕೊಟ್ಟು ರವಿಕೆ ಹೊಲಿಯುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳ ಎದೆಬಡಿತ ಇದ್ದಕ್ಕಿದ್ದಂತೆ ಓಡತೊಡಗಿತು. ಸೂಜಿಗೆ ದಾರ ಪೋಣಿಸುತ್ತಿದ್ದವಳಿಗೆ ಕಣ್ಣುಕತ್ತಲೆ ಬರುತ್ತಿತ್ತು. ಹೃದಯದೊಳಗೆ ವಿದ್ಯುತ್ತಿಗೆ ಹುಟ್ಟಿನಿಂದಲೇ ಒಂದು ಕಳ್ಳದಾರಿ ಇದೆ, ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ಒಯ್ದು ಅದನ್ನು ಸುಡಬೇಕು ಎಂದರು ಡಾಕ್ಟರ್, ಒಬ್ಬ ಮರಾಠಿ ಹೆಂಗಸು. ವಿಜ್ಞಾನ ಓದಿದ ನಾನು ಅಪಾಯ ಶೇಕಡಾ ಎಷ್ಟೆಂದು ಕೇಳಿದೆ. ಅಕ್ಕ ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದ್ದು ಬೇರೆ: ಹೃದಯದ ಗೋಡೆ ಎಷ್ಟು ದಪ್ಪ, ಅದರಾಚೆ ಏನಿದೆ?

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಚೆ, ಹೃದಯಕ್ಕೇ ರಕ್ತ ಉಣಿಸುವ ನಾಳಗಳು ಅಂಟಿಕೊಂಡು ಹೋಗುತ್ತವೆ. ಒಳಗಿನ ಬಿಸಿ ಅಲ್ಲಿಗೆ ತಗುಲಿ ನಾಳ ಮುಚ್ಚಿದರೆ ಹೃದಯಾಘಾತವೇ ಆಗಬಹುದು ಎಂದರು.

ಅಕ್ಕ ನನ್ನತ್ತ ತಿರುಗಿದಳು. "ತಿಳೀತೇನೊ? ಅಸ್ತರದ ಮ್ಯಾಲ ಇಸ್ತ್ರಿ ಇಟ್ರ ಆಚೀಗಿನ ರೇಷ್ಮಿ ಸುಡ್ತದಲ್ಲ, ಹಂಗ."

ಚಿಕಿತ್ಸೆಯ ದಿನ ಡಾಕ್ಟರ್ ಹೊರಬಂದು, ಸುಡಲಿಲ್ಲ ಎಂದರು. ನಾಳಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ನೋಡಿದಾಗ ಸುಡಬೇಕಾದ ಜಾಗದ ಬೆನ್ನಿಗೇ ನಾಳವಿತ್ತಂತೆ. ಎಷ್ಟು ಹತ್ತಿರ? ಅಳತೆ ಹೇಳಿದರೋ, ಉಗುರಿನ ತುದಿ ತೋರಿಸಿದರೋ, ಈಗ ಖಾತ್ರಿಯಿಲ್ಲ. ನಾನು ಕೂಗಾಡಿದೆನೆಂದು ನನ್ನ ನೆನಪು. ಅತ್ತೆನೆಂದು ಅಕ್ಕನ ವಾದ. ಅವಳಾಗ ಒಳಗೆ ಮಲಗಿದ್ದಳು. ಆದರೂ ಅವಳು ಹೇಳುವುದೇ ನಿಜವಿದ್ದೀತು.

ಮಂಪರಿನಲ್ಲೂ ಅವಳು ಪರದೆಯ ಮೇಲೆ ತನ್ನ ಹೃದಯದ ನಾಳಗಳನ್ನು ನೋಡಿದ್ದಳು. "ಏನ್ ಚಂದ ಅದನೊ! ದಾರದ ಎಳಿಯಂಥಾ ಟೊಂಗಿ, ಬಡದಾಗೊಮ್ಮೆ ಅಳ್ಳಾಡತಿತ್ತು. ಇಷ್ಟು ವರ್ಷ ನನಗೊಂದು ಮಾತು ಹೇಳದ ದುಡದದ ನೋಡು."

"ಆದ್ರ ಕೆಲಸ ಆಗಲಿಲ್ಲಲ್ಲಕ್ಕಾ."

"ಸುಟ್ಟಬಿಟ್ಟಿದ್ರ ಈಗ ಯಾರ ಕೂಡ ಜಗಳಾಡ್ತಿದ್ದಿ, ಹುಚ್ಚಾ?"

ಈಗ ಗುಳಿಗೆಗಳಿವೆ, ಎದೆ ಒಮ್ಮೊಮ್ಮೆ ಓಡುತ್ತದೆ. ಇಂದೂ ಓಡಿತು. ಅಕ್ಕ ಗೋಡೆಗೊರಗಿ ಕೂತು, ಯಾರದೋ ಮದುವೆಯ ರವಿಕೆಯನ್ನು ನನ್ನ ಕೈಗಿತ್ತಳು. ಅಸ್ತರದ ಮೇಲೆ ಇಸ್ತ್ರಿ ಒತ್ತಿದೆ. ಅದೇ ವಾಸನೆ. ಮಗುಚಿ ರೇಷ್ಮೆಯ ಮೇಲೆ ಬೆರಳಿಟ್ಟರೆ ಬಿಸಿ ಆಗಲೇ ಅಲ್ಲಿಗೆ ತಲುಪಿತ್ತು. ಇಸ್ತ್ರಿಯನ್ನು ಪಕ್ಕಕ್ಕಿಟ್ಟೆ. ಒಂದು ಸುಕ್ಕು ಹಾಗೇ ಉಳಿಯಿತು.

ಅಕ್ಕ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಆ ಸುಕ್ಕನ್ನು ನೋಡಿದಳು.

"ಇರ್ಲಿ ಬಿಡೊ," ಎಂದಳು.