ಕೈ ಮೂಸಿ ಒಳಗೆ ಬಿಡುತ್ತಿದ್ದವರು

ಅವರ ಎರಡೂ ಪಾದಗಳು ಕಣಕಾಲಿನವರೆಗೆ ಬೆಳ್ಳಗಿರುತ್ತಿದ್ದವು. ಹುಳುಮನೆಯ ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿಯನ್ನು ದಿನಕ್ಕೆ ಇಪ್ಪತ್ತು ಸಲ ತುಳಿದು ಒಳಗೆ ಹೋಗಿ ಹೊರಗೆ ಬಂದು, ಆ ಬಿಳುಪು ತೊಳೆದರೂ ಹೋಗದ ಹಾಗೆ ಹಿಮ್ಮಡಿಯ ಬಿರುಕುಗಳಲ್ಲಿ ಕೂತುಬಿಟ್ಟಿತ್ತು. ನಾನು ಮೊದಲ ಸಲ ನೋಡಿದಾಗ ಬೆರಳುದ್ದದ ಒಂದು ರೇಷ್ಮೆಹುಳು ಅವರ ಕತ್ತಿನ ಮೇಲೆ ಕಿವಿಯ ಕಡೆಗೆ ಪ್ರಯಾಣ ಹೊರಟಿತ್ತು. ನಾನು ಕಿರುಚಿದೆ. ಅವರು ಒಂದು ಹಿಪ್ಪುನೇರಳೆ ಎಲೆಯನ್ನು ಕತ್ತಿಗೆ ಆನಿಸಿ ಹಿಡಿದು, ಹುಳ ತಾನಾಗಿ ಹತ್ತುವವರೆಗೂ ಸುಮ್ಮನೆ ನಿಂತರು. "ನಾವಾಗಿ ಹಿಡೀಬಾರ್ದು ಕಣಮ್ಮ. ಅದೇ ಹತ್ತಬೇಕು," ಎಂದರು.

ಅವರ ಹೆಸರು ಬರೆಯುವ ಯೋಗ್ಯತೆ ನನಗಿಲ್ಲ. ಊರಿನವರ ಹಾಗೆ ನಾನೂ ಹುಳುಮನೆ ಅಮ್ಮ ಎಂದೇ ಕರೆಯುತ್ತಿದ್ದೆ. ಸಾದಲಿ ಕಡೆಯ ಹಳ್ಳಿ. ಅರವತ್ತು ದಾಟಿದ ವಯಸ್ಸು, ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಒಂದು ಹಿಪ್ಪುನೇರಳೆ ತೋಟ, ಅದರ ಮೂಲೆಯಲ್ಲಿ ಹುಳುಮನೆ, ಮತ್ತು ಒಬ್ಬ ಮೈದುನ.

ನಾನು ಅವರಲ್ಲಿಗೆ ಹೋದದ್ದು ಗತಿಗೆಟ್ಟು. ಚಿಕ್ಕಬಳ್ಳಾಪುರದಾಚೆ ಬೆಟ್ಟದ ತಪ್ಪಲಿನಲ್ಲಿ ನಿವೃತ್ತರಿಗೆಂದು ಕಟ್ಟಿದ ವಸತಿ ಕಾಲೊನಿಯೊಂದರಲ್ಲಿ ನನಗೆ ಕೆಲಸ. ನೋಡಲು ಬರುವ ನೆಂಟರನ್ನು ಹಗಲು ಹೊತ್ತು ಬೇಸರವಾಗದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಪಕ್ಕದಲ್ಲೇ ಗಾಲ್ಫ್ ಮೈದಾನ. ಮಗ ಅಥವಾ ಅಳಿಯ ಬಂದವನು ಅಪ್ಪನ ಕಾಲು ಮುಟ್ಟಿ, ಕಾಫಿ ಕುಡಿದು, ಟೋಪಿ ಹಾಕಿಕೊಂಡು ಮೈದಾನಕ್ಕೆ ನಡೆದರೆ ಅವನ ಭೇಟಿ ಮುಗಿಯಿತು. ಉಳಿದವರು ವರಾಂಡದಲ್ಲಿ ಸಾಲಾಗಿ ಕೂತು ಫೋನ್ ನೋಡುತ್ತಿದ್ದರು. ಹನ್ನೆರಡಕ್ಕೆಲ್ಲ "ಟ್ರಾಫಿಕ್ ಆಗುತ್ತೆ" ಎಂದು ಎದ್ದರೆ, ವಾರವಿಡೀ ಆ ದಿನಕ್ಕೆ ಕಾದಿದ್ದ ಮುದುಕರು ಗೇಟಿನವರೆಗೆ ಬಂದು ಕೈ ಬೀಸಿ ನನ್ನ ಮುಖ ನೋಡುತ್ತಿದ್ದರು, ನಾನೇ ಓಡಿಸಿದೆನೇನೋ ಎನ್ನುವ ಹಾಗೆ.

"ಗಾಲ್ಫ್ ಬಿಟ್ಟು ಬೇರೆ ಏನಾದ್ರೂ ಹುಡುಕಿ ಮೇಡಂ. ನಾಲ್ಕು ಗಂಟೆವರೆಗೂ ಜನ ಇರಬೇಕು," ಎಂದು ಮ್ಯಾನೇಜರ್ ಹೇಳಿದ್ದರು. ತಂಬೋಲ ಆಡಿಸಿದೆ. ದ್ರಾಕ್ಷಿ ತೋಟ ಸುತ್ತಿಸಿದೆ. ಅವರೆಕಾಯಿ ಕಾಲದಲ್ಲಿ ರಾಶಿ ಕಾಳು ನೆನೆಹಾಕಿ ಎಲ್ಲರ ಕೈಯಲ್ಲೂ ಸಿಪ್ಪೆ ಹಿತಕಿಸಿದೆ; ಅರ್ಧ ಗಂಟೆಗೆ ಉಗುರು ನೋವೆಂದು ಎದ್ದರು. ನನ್ನ ಗಂಡನಿಗೆ ಎರಡೂ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್. ಈ ಕೆಲಸದ ಜೊತೆ ಬಂದ ವಿಮೆಯಿಂದಲೇ ಅದು ನಡೆಯುತ್ತಿತ್ತು. ಜನ ನಾಲ್ಕು ಗಂಟೆಯವರೆಗೆ ಕೂರದಿದ್ದರೆ ನನ್ನ ಗಂಡ ಎಷ್ಟು ದಿನ ಉಳಿಯುತ್ತಾರೆ ಎಂಬ ಹುಚ್ಚು ಲೆಕ್ಕ ಹಾಕುತ್ತಾ ನಾನು ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ ಅದು.

ಹೊರಗಿನವರನ್ನು ಯಾರೂ ಹುಳುಮನೆಗೆ ಬಿಡುವುದಿಲ್ಲ. ರೋಗ ತರುತ್ತಾರೆಂಬ ಭಯ, ಕಣ್ಣು ಬೀಳುತ್ತದೆಂಬ ಭಯ. ಐದಾರು ಮನೆಗಳಲ್ಲಿ ಕೇಳಿ ಬೈಸಿಕೊಂಡ ಮೇಲೆಯೇ ಈ ಅಮ್ಮನ ಬಾಗಿಲಿಗೆ ಬಂದದ್ದು. ಅವರು ಒಪ್ಪಿಕೊಂಡರು. ಯಾಕೆ ಒಪ್ಪಿದರೆಂದು ಕೆಲವು ವಾರಗಳ ಮೇಲೆ ತಾವೇ ಹೇಳಿದರು. ಮೈದುನನಿಗೆ ಗಿಡ ಕಿತ್ತು ತೋಟವನ್ನು ಸೈಟು ಮಾಡುವ ಆಸೆ. ಅತ್ತಿಗೆಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಅವನ ವಾದ. ಕೊನೆಗೆ ಹಿರಿಯರ ಮುಂದೆ ಒಂದು ಮಾತಾಗಿತ್ತು: ಹುಳ ಚೆನ್ನಾಗಿ ಬರುತ್ತಿರುವವರೆಗೂ ಅವನು ಗಿಡಕ್ಕೆ ಕೈಹಚ್ಚಬಾರದು, ಇವರ ಕೈಯಲ್ಲಿ ಒಂದೇ ಒಂದು ಬೆಳೆ ಕೆಟ್ಟರೂ ಇವರು ಎದುರಾಡಬಾರದು.

"ಬೆಂಗಳೂರಿಂದ ದೊಡ್ಡೋರೆಲ್ಲ ವ್ಯಾನ್ ಮಾಡ್ಕೊಂಡು ನನ್ನ ಹುಳ ನೋಡಕ್ ಬರ್ತಾರೆ ಅಂದ್ರೆ ಅವ್ನೂ ಒಂಚೂರು ಯೋಚ್ನೆ ಮಾಡ್ತಾನೆ ಕಣಮ್ಮ," ಎಂದರು. ಅಂದರೆ ನಾನು ಅವರನ್ನು ಹಿಡಿದುಕೊಂಡ ಹಾಗೆಯೇ ಅವರೂ ನನ್ನನ್ನು ಹಿಡಿದುಕೊಂಡಿದ್ದರು.

ಬಾಗಿಲಲ್ಲಿ ಅವರದೊಂದು ಪದ್ಧತಿ. ಚಪ್ಪಲಿ ಬಿಡಿಸಿ, ಕಾಲು ತೊಳೆಸಿ, ಸುಣ್ಣ ತುಳಿಸಿ, ಆಮೇಲೆ ಬಂದವರ ಎರಡೂ ಕೈಗಳನ್ನು ಹಿಡಿದು ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಕಣ್ಣು ಮಂಜಾಗಿದ್ದರೂ ಮೂಗು ಮಾತ್ರ ಪೊಲೀಸ್ ನಾಯಿಗೂ ಸವಾಲು. ಸೆಂಟು, ಪೌಡರು, ಹಚ್ಚಿಕೊಂಡ ಝಂಡು ಮುಲಾಮು, ಎಲ್ಲವನ್ನೂ ಹೆಸರು ಹಿಡಿದು ಹೇಳಿ ನಲ್ಲಿಗೆ ವಾಪಸು ಕಳಿಸುತ್ತಿದ್ದರು. ಮುದುಕರಿಗೆ ಇದು ಬಲು ಇಷ್ಟ. ಎಷ್ಟೋ ವರ್ಷದಿಂದ ಅವರ ಕೈಯನ್ನು ಡಾಕ್ಟರರ ಹೊರತು ಯಾರೂ ಹಿಡಿದಿರಲಿಲ್ಲ.

ಒಳಗೆ ಹೋದ ಮೇಲೆ ಎಲ್ಲರಿಗೂ ಒಂದೊಂದು ಹಿಡಿ ಸೊಪ್ಪು. ತಟ್ಟೆಗಳ ಮೇಲೆ ಹರಡಬೇಕು, ಬಾಯಿ ಮುಚ್ಚಿಕೊಂಡು ಕೇಳಬೇಕು. ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಹನಿ ಬಿದ್ದ ಹಾಗೆ ಶುರುವಾಗಿ ಕೋಣೆ ತುಂಬುತ್ತಿತ್ತು. ಮೂರು ವರ್ಷದಿಂದ ಮಗಳ ಜೊತೆ ಮಾತು ಬಿಟ್ಟಿದ್ದ ನಮ್ಮ ಕಾಲೊನಿಯ ಒಬ್ಬ ಎಂಜಿನಿಯರು ಅಲ್ಲಿ, ಆ ಸದ್ದಿನಲ್ಲಿ, "ಕೇಳಿಸ್ತಾ?" ಎಂದು ಮಗಳನ್ನು ಕೇಳಿದರು. ಅವಳು "ಹೂಂ ಅಪ್ಪ" ಎಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅಮ್ಮ ಮಾತ್ರ "ಅಳೋದಾದ್ರೆ ಆಚೆ ಹೋಗಮ್ಮ, ಕಣ್ಣೀರು ಸೊಪ್ಪಿನ್ ಮ್ಯಾಲೆ ಬೀಳ್ತದೆ, ಒದ್ದೆ ಸೊಪ್ಪು ಹುಳಕ್ಕಾಗಲ್ಲ," ಎಂದರು. ಅವರ ಕರುಣೆಯೆಲ್ಲ ಮೊದಲು ಹುಳಕ್ಕೆ, ಮಿಕ್ಕಿದ್ದು ನಮಗೆ.

"ಹುಳ ಸಾಕೋದಂದ್ರೆ ಬಾಣಂತಿ ಕೋಣೆ ಕಾದಂಗೆ" ಎಂಬುದು ಅವರ ಮಾತು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ನಿಲ್ಲುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ದಿನಗಳಲ್ಲಿ ಅವರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ನನ್ನ ಗಂಡನ ವಿಷಯ ತಿಳಿದ ಮೇಲೆ ಪ್ರತಿ ಸಲವೂ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಹೆಂಗವ್ರೆ?"

ಕೇಡು ನಗೆಯಲ್ಲೇ ಶುರುವಾಯಿತು. ಒಂದು ಶನಿವಾರ ನಮ್ಮ ನಿವಾಸಿಯೊಬ್ಬರ ಅಳಿಯ ಬಂದಿದ್ದ. ದೊಡ್ಡ ಅಧಿಕಾರಿ. ಪಕ್ಕದಲ್ಲಿ ಹೆಂಡತಿ. ಅಮ್ಮ ಅವನ ಕೈ ಮೂಸಿ, "ಸಾಮಿ, ಸಿಗರೇಟು. ಸೋಪ್ ಹಾಕಿ ಎರಡು ಸತಿ ತೊಳ್ಕೊಂಡ್ ಬನ್ನಿ. ಹುಳ ಸತ್ತೋಗ್ತವೆ," ಎಂದರು. ಅವನು ಸಿಗರೇಟು ಬಿಟ್ಟು ಎರಡು ವರ್ಷವಾಯಿತೆಂದು ಹೆಂಡತಿ ನಂಬಿದ್ದಳಂತೆ. ಆಕೆ ನೋಡಿದ ನೋಟಕ್ಕೆ ನಾವೆಲ್ಲ ಮುಸಿಮುಸಿ ನಕ್ಕೆವು. ಸೋಮವಾರ ಆಫೀಸಿಗೆ ದೂರು ಬಂತು.

"ಹಳ್ಳಿ ಹೆಂಗಸು ಗೆಸ್ಟುಗಳ ಕೈ ಮೂಸೋದು ಅಂದ್ರೇನು?" ಎಂದರು ಮ್ಯಾನೇಜರ್. "ಅದನ್ನ ನಿಲ್ಲಿಸಿ, ಇಲ್ಲ ಕಾರ್ಯಕ್ರಮ ನಿಲ್ಲಿಸಿ. ಕಾರ್ಯಕ್ರಮ ನಿಂತ್ರೆ ನಿಮ್ಮ ಪೋಸ್ಟ್ ಯಾಕೆ ಬೇಕು ಅಂತ ನಾನೂ ಮೇಲಿನವರಿಗೆ ಉತ್ತರ ಕೊಡ್ಬೇಕಾಗುತ್ತೆ." ಅದೇ ದೂರಿನಲ್ಲಿ ಇನ್ನೊಂದು ಸಾಲಿತ್ತು: ವ್ಯಾನಿನಲ್ಲಿ ಸೊಳ್ಳೆ.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಎದ್ದು ಹೋಗಿ, ಜನ ಹತ್ತುವ ಮುಂಚೆ, ಸೊಳ್ಳೆ ಸಾಯಿಸುವ ಸ್ಪ್ರೇಯನ್ನು ವ್ಯಾನಿನ ಸೀಟು, ಪರದೆ, ಮೂಲೆ ಬಿಡದೆ ಹೊಡೆದೆ. ಒಂದು ಡಬ್ಬಿ ಪೂರ್ತಿ. ನಮ್ಮ ಮನೆಯಲ್ಲಿ ಹುಳ ಸಾಕದಿದ್ದರೂ, ರೇಷ್ಮೆಯ ಊರಾದ ಶಿಡ್ಲಘಟ್ಟದ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು ನಾನು. ಹುಳ ಸಾಕುವ ಮನೆಯಲ್ಲಿ ಸೊಳ್ಳೆ ಬತ್ತಿ ಕೂಡ ಹಚ್ಚುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಆದರೆ ಅವತ್ತು ನನ್ನ ತಲೆಯಲ್ಲಿ ದೂರಿನ ಕಾಗದ ಬಿಟ್ಟು ಬೇರೇನೂ ಇರಲಿಲ್ಲ.

ಬಾಗಿಲಲ್ಲಿ ಅಮ್ಮ ಕೈ ಚಾಚಿದಾಗ ನಾನು ಅಡ್ಡ ನಿಂತೆ. "ಇವತ್ತೊಂದಿನ ಮೂಸೋದು ಬೇಡಮ್ಮ. ಕಂಪ್ಲೇಂಟ್ ಆಗಿದೆ. ನನ್ನ ಕೆಲಸ ಹೋಗುತ್ತೆ."

ಅವರು ನನ್ನ ಮುಖ ನೋಡಿದರು. "ಹುಳ ನಾಕ್ನೇ ಜ್ವರ ಎದ್ದು ಮೂರು ದಿನ ಆಗ್ಯದೆ ಕಣಮ್ಮ. ಇನ್ ನಾಕು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ಇದೇ ಟೈಮು ನೋಡು, ಭಯ."

"ಎಲ್ಲರೂ ಕೈ ತೊಳ್ಕೊಂಡಿದಾರೆ. ನನ್ನ ಮಾತು ನಂಬಿ."

"ಯಜಮಾನ್ರಿಗೋಸ್ಕರ," ಎಂದು ಅವರು ಪಕ್ಕಕ್ಕೆ ಸರಿದರು.

ಹದಿನೆಂಟು ಜನ ಸೊಪ್ಪು ಹಾಕಿದರು. ಹುಳುಗಳ ಮೇಲೆ ಬಾಗಿ ಫೋಟೋ ತೆಗೆದರು, ಸೀರೆಯ ಸೆರಗು ತಟ್ಟೆಗೆ ತಾಗಿತು, ಶಾಲು ತಾಗಿತು. ಹೊರಗೆ ಚಪ್ಪರದಲ್ಲಿ ಕೂತು ಮುದ್ದೆ ಊಟ ಮಾಡುತ್ತಾ ಎಲ್ಲರೂ ಖುಷಿಯಾಗಿದ್ದರು. ಒಳಗಿನಿಂದ ಅಮ್ಮ ಮೆಲ್ಲಗೆ ನನ್ನನ್ನು ಕರೆದರು.

ಹುಳ ಮೇಯುವುದನ್ನು ಬಿಟ್ಟಿದ್ದವು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಬಾಗಿಲ ಹತ್ತಿರದ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತ ಇತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ನೋಡುತ್ತಿದ್ದಂತೆ ಕೆಲವು ಮುದುಡಿ ಅರ್ಧ ಗಾತ್ರವಾದವು. ಅಮ್ಮ ನನ್ನ ಬಲಗೈ ಎಳೆದುಕೊಂಡು ಮೂಸಿದರು. ಆಮೇಲೆ ಎಡಗೈ. "ಏನಮ್ಮ ಇದು?" ಎಂದರು.

"ವ್ಯಾನಿಗೆ… ಸೊಳ್ಳೆಗೆ ಅಂತ ಸ್ಪ್ರೇ ಹೊಡೆದಿದ್ದೆ."

ಕೆನ್ನೆಗೆ ಒಂದು ಬಾರಿಸಿದ್ದರೆ ನಾನು ಇವತ್ತು ಹೀಗೆ ಕೂತು ಬರೆಯುತ್ತಿರಲಿಲ್ಲವೇನೋ. ಅವರು ಕಿಟಕಿಗಳನ್ನೆಲ್ಲ ತೆರೆದರು. ನನಗೆ ಬಾವಿಯ ಹತ್ತಿರ ತಲೆ ಮೇಲೆ ನೀರು ಸುರಿದುಕೊಳ್ಳಲು ಹೇಳಿ, ತಮ್ಮದೊಂದು ಹಳೆ ಸೀರೆ ಉಡಿಸಿದರು. ವ್ಯಾನು ಜನರನ್ನು ಹೊತ್ತು ಹೋಯಿತು. ಅವರಿಗೆ ಏನೂ ತಿಳಿದಿರಲಿಲ್ಲ, ನಾಲ್ಕು ಗಂಟೆಯವರೆಗೂ ಇದ್ದೇ ಹೋಗಿದ್ದರು. ನಾವಿಬ್ಬರೂ ಹೊಸ ಸೊಪ್ಪನ್ನು ತಟ್ಟೆಗಳ ಮೇಲೆ ಇಡುತ್ತಾ ಹೋದೆವು. ಬದುಕಿರುವ ಹುಳ ತಾನಾಗಿ ಹತ್ತಲಿ, ಹತ್ತಿದ್ದನ್ನು ಬೇರೆ ತಟ್ಟೆಗೆ ಸಾಗಿಸೋಣ ಎಂಬ ಆಸೆ. ಗಾಬರಿಯಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. "ರಾ ನಾನ್ನಾ, ರಾ. ನಾ ಬಿಡ್ಡಲು," ಬಾರಪ್ಪ, ಬಾ, ನನ್ನ ಮಕ್ಕಳೇ ಎಂದು ಒಂದೊಂದು ತಟ್ಟೆಯ ಮುಂದೂ ಮಂಡಿಯೂರಿ ಕರೆದರು. ಎಲೆಗಳು ಹಾಗೇ ಬಿದ್ದಿದ್ದವು. ಯಾವ ಹುಳವೂ ಹತ್ತಲಿಲ್ಲ.

ದಾರಿಯಲ್ಲಿ ಮೈದುನನ ಬೈಕಿನ ಸದ್ದಾಯಿತು. ಈಗಲೂ ಹೇಳಲು ನಾಚಿಕೆಯಾಗುತ್ತದೆ, ನಾನು ಅವರ ಸುಣ್ಣದ ಕಾಲು ಹಿಡಿದುಕೊಂಡೆ. "ಅಮ್ಮ, ವ್ಯಾನಿನ ವಿಷಯ ಹೇಳಬೇಡಿ. ಅವರು ಆಫೀಸಿಗೆ ಬಂದು ಗಲಾಟೆ ಮಾಡಿದ್ರೆ ನನ್ನ ಕೆಲಸ ಹೋಗುತ್ತೆ. ನಮ್ಮನೆಯವರು ಸತ್ತೋಗ್ತಾರೆ." ಹಿರಿಯರ ಮುಂದೆ ಆದ ಮಾತು ನನಗೆ ನೆನಪಿರಲಿಲ್ಲವೆ? ನೆನಪಿದ್ದೂ ಹಿಡಿದುಕೊಂಡೆ.

ಮೈದುನ ಒಳಗೆ ಬಂದು ತಟ್ಟೆಗಳನ್ನು ನೋಡಿ ನಿಂತ. "ಏನಾಯ್ತು ಅತ್ತಿಗೆ?"

"ಸಪ್ಪೆ ರೋಗ ಕಣಪ್ಪ," ಎಂದರು ಅಮ್ಮ. "ಮೊದ್ಲೇ ಕಾಣ್ಬೇಕಿತ್ತು. ನನ್ ಕಣ್ಣಿಗೆ ಕಾಣ್ಲಿಲ್ಲ."

ಅವನು ಬೈಯಲಿಲ್ಲ. ಗುದ್ದಲಿ ತಂದು ತೋಟದ ಅಂಚಿನಲ್ಲಿ ಗುಂಡಿ ತೋಡಿದ. ಬುಟ್ಟಿಗಟ್ಟಲೆ ಹುಳ ಸುರಿದು ಮೇಲೆ ಸುಣ್ಣ ಹಾಕಿದೆವು. ತಿಂಗಳೊಳಗೆ ಜೆಸಿಬಿ ಬಂತು. ನಾನು ನೋಡಲು ಹೋಗಲಿಲ್ಲ. ಆಮೇಲೆ ಹೋದಾಗ ಬೇರುಗಳು ರಸ್ತೆಬದಿ ರಾಶಿ ಬಿದ್ದಿದ್ದವು, ಹುಳುಮನೆಯಲ್ಲಿ ಸಿಮೆಂಟ್ ಚೀಲಗಳಿದ್ದವು. ಅಮ್ಮ ಮೈದುನನ ಮನೆಯ ಜಗುಲಿಯಲ್ಲಿ ಕೂತಿದ್ದರು. ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಎದ್ದು ಅಂಗಳದವರೆಗೆ ಹೋಗಿ ಏನು ಮಾಡಬೇಕೆಂದು ತಿಳಿಯದೆ ವಾಪಸು ಬರುತ್ತಾರೆಂದು ಅವನ ಹೆಂಡತಿ ಹೇಳಿದಳು. ನನ್ನನ್ನು ಕಂಡು ಅವರು ಕೇಳಿದ್ದು ಅದೇ. "ಯಜಮಾನ್ರು ಹೆಂಗವ್ರೆ?"

ನನ್ನ ಕೆಲಸ ಉಳಿಯಿತು. ನೆಂಟರನ್ನು ಈಗ ನೂಲು ತೆಗೆಯುವ ಕಾರ್ಖಾನೆಗೆ ಕರೆದೊಯ್ಯುತ್ತೇನೆ, ಅಲ್ಲಿ ನಾನು ಕೊಲ್ಲಲು ಏನೂ ಉಳಿದಿರುವುದಿಲ್ಲ. ನನ್ನ ಗಂಡ ಇದ್ದಾರೆ. ಪ್ರತಿ ಸಲ ಹಣ್ಣು ಹಿಡಿದು ಆ ಜಗುಲಿಗೆ ಹೋದಾಗಲೂ ಇವತ್ತು ಮೈದುನನಿಗೆ ನಿಜ ಹೇಳಿಬಿಡಬೇಕೆಂದುಕೊಳ್ಳುತ್ತಿದ್ದೆ. ಅವನು ಕಾಫಿ ಕೊಡುತ್ತಿದ್ದ, ನಾನು ಕುಡಿದು ಬರುತ್ತಿದ್ದೆ. ಹೇಗೂ ಗಿಡ ಹೋಯಿತಲ್ಲ, ಹೇಳಿ ಏನು ಬಂತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ಹೇಗಿದ್ದರೂ ಒಂದು ನೆಪಕ್ಕೆ ಕಾಯುತ್ತಿದ್ದ, ನಾನು ಬಾಯಿ ಬಿಟ್ಟಿದ್ದರೂ ಕೀಳುತ್ತಿದ್ದ ಎಂದು ನಂಬಿಕೊಂಡಿದ್ದೆ. ಆ ನಂಬಿಕೆಯ ಮೇಲೆಯೇ ಎರಡು ವರ್ಷ ನಿದ್ದೆ ಮಾಡಿದೆ.

ಹೋದ ವರ್ಷ ಅಮ್ಮ ತೀರಿಕೊಂಡರು. ಹನ್ನೊಂದನೇ ದಿನದ ತಿಥಿಗೆ ಹೋಗಿ ಪಂಕ್ತಿಯಲ್ಲಿ ಕೂತಿದ್ದೆ. ಮೈದುನ ಅನ್ನದ ಪಾತ್ರೆ ಹಿಡಿದು ಬಡಿಸುತ್ತಾ ಪಕ್ಕದವರಿಗೆ ಹೇಳುತ್ತಿದ್ದ. "ಆ ಒಂದು ಬೆಳೆ ಕೈಯಾರೆ ಕೆಡಿಸ್ಕೊಂಡ್ನಲ್ಲ ಅಂತ ಕೊರಗು ಅತ್ತಿಗೇಗೆ. ಅದಕ್ ಮುಂಚೆ ಒಂದ್ ಹುಳಾನೂ ಕೆಟ್ಟಿರಲಿಲ್ಲ ಅವರ ಕೈಲಿ."

ಆಗ ನನ್ನ ಬಾಯಿ ತೆರೆಯಿತು. ವ್ಯಾನು, ಸ್ಪ್ರೇ, ಕೈ ಮೂಸಲು ಬಿಡದೆ ಅಡ್ಡ ನಿಂತದ್ದು, ಕಾಲು ಹಿಡಿದದ್ದು, ಎಲ್ಲ ಹೇಳಿದೆ. ಪಂಕ್ತಿಯವರೆಲ್ಲ ಕೈ ನಿಲ್ಲಿಸಿ ನೋಡಿದರು. ಅವನು ಸೌಟನ್ನು ಪಾತ್ರೆಗೆ ವಾಪಸು ಇಟ್ಟ. ಕೋಪ ಮಾಡಿಕೊಳ್ಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಆವತ್ತೇ ಹೇಳಿದ್ರೆ ನಾನು ಗಿಡಕ್ಕೆ ಕೈ ಹಾಕ್ತಿರಲಿಲ್ಲಮ್ಮ," ಎಂದ. "ಮಾತು ಆಗಿದ್ದು ಅವರ ಕೈಲಿ ಕೆಟ್ರೆ ಅಂತ."

ಆಮೇಲೆ ಬಾಗಿ ನನ್ನ ಎಲೆಗೆ ಅನ್ನ ಹಾಕಿದ. ತಿಥಿಯ ಎಲೆ ಬಿಟ್ಟು ಏಳುವ ಹಾಗಿರಲಿಲ್ಲ. ಅವರ ಹೆಸರಿನಲ್ಲಿ ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ಉಂಡೆ.