ಅರ್ಧಕ್ಕೆ ನಿಂತ ಐರಿಷ್ ಕಥೆ

ಮೂರು ವರ್ಷದ ಹಿಂದೆ, ಒಂದು ಶನಿವಾರ ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ, ನಾನು ಅಮೆರಿಕದ ಯೂನಿಯನ್ ಸಿಟಿಯ ಒಂದು ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ತಡವಾಗಿ ಬಂದಿದ್ದೆ; ಕಥೆಯ ನಡುವೆ ಒಳಗೆ ಹೋಗುವಂತಿರಲಿಲ್ಲ. ನನಗೂ ನನ್ನ ಬೆಂಗಳೂರಿನ ಗೆಳೆಯನಿಗೂ ಐರಿಷ್ ಭಾಷೆ, ಹಾಡು ಕಲಿಸುತ್ತಿದ್ದ ಐರಿಷ್ ಅಜ್ಜಿ, ತಮ್ಮ ಅಜ್ಜಿಯಿಂದ ಕೇಳಿದ್ದ ಕಥೆಯನ್ನು ಹೇಳುತ್ತಿದ್ದರು. ಅದನ್ನು ಪೂರ್ತಿ ಬಲ್ಲವರು ಅವರೊಬ್ಬರೇ. ಬರೆದುಕೊಳ್ಳಲು ಬಿಡುತ್ತಿರಲಿಲ್ಲ, ಕೇಳಿಯೇ ಕಲಿಯಬೇಕು.

ಗೆಳೆಯ ಗಡಿಯಾರ ನೋಡಿ ಎದ್ದು, ಕುರ್ಚಿ ಮಡಚತೊಡಗಿದ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಎರಡು ಮಾತಲ್ಲಿ ಹೇಳಿಬಿಡಿ ಎಂದ. ಅಜ್ಜಿ ಮಾತು ನಿಲ್ಲಿಸಿ, ಕೋಟು ಹಾಕಿಕೊಂಡು ಹೊರಟರು.

"ಏನೋ ಮಾಡ್ದೆ ನೀನು?" ಎಂದೆ.

"ಐದಕ್ಕೆ ರೂಮು ಬಿಡ್ಬೇಕಲ್ಲ ಗುರೂ. ಕಥೆ ಎಲ್ಲಿ ಓಡ್ಹೋಗತ್ತೆ? ಮುಂದಿನ ವಾರ ಕೇಳಿದ್ರಾಯ್ತು."

ಹರಿಕಥೆಯಲ್ಲಿ ಮಂಗಳಕ್ಕೆ ಮೊದಲು ಎದ್ದಿದ್ದರೆ ಅವನ ತಾಯಿಯೇ ಅವನನ್ನು ಗದರಿ ಕೂರಿಸುತ್ತಿದ್ದರು. ಮುಂದಿನ ವಾರ ಅಜ್ಜಿ ಬರಲಿಲ್ಲ. ಆ ತಿಂಗಳೇ ತೀರಿಕೊಂಡರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅವನ ಮೇಲೂ, ಬಾಗಿಲಲ್ಲೇ ನಿಂತು ನೋಡಿದ ನನ್ನ ಮೇಲೂ. ಆ ಸಂಜೆ ನಡೆದದ್ದನ್ನು ಕಂಡವರಲ್ಲಿ ಇಂದು ಬದುಕಿರುವವರು ಅವನು, ನಾನು, ಮತ್ತು ಅಜ್ಜಿಯನ್ನು ಕರೆದೊಯ್ಯಲು ಬಂದಿದ್ದ ಅವರ ಮಗಳು. ಆಕೆಗೆ ಐರಿಷ್ ಬರುವುದಿಲ್ಲ.